ಹರಿದ ತಂತಿಗೆ ಆರೋಪಿ ಯಾರು?

11 ಕೆವಿ, ಅಂದರೆ 11,000 ವೋಲ್ಟ್‌ನ ವಿದ್ಯುತ್ ತಂತಿ ಹರಿದು ರಸ್ತೆಗೆ ಬಿದ್ದರೆ ಮುಂದೆ ಏನಾಗಬೇಕು ಎಂಬುದು ಸಬ್‌ಸ್ಟೇಷನ್‌ನಲ್ಲಿ ಒಂದು ಪಾಳಿ ಕೆಲಸ ಮಾಡಿದವರಿಗೂ ಗೊತ್ತು. ಕರೆಂಟ್ ನೆಲಕ್ಕೆ ಹರಿಯುತ್ತಿರುವುದನ್ನು ಅರ್ತ್ ಫಾಲ್ಟ್ ರಿಲೇ ಎಂಬ ಸಾಧನ ಹಿಡಿಯಬೇಕು, ಲೈನಿನ ಕರೆಂಟ್ ಕಡಿಯುವ ಬ್ರೇಕರ್ ಟ್ರಿಪ್ ಆಗಬೇಕು, ಯಾರಾದರೂ ಕಾಲಿಡುವ ಮೊದಲೇ ಫೀಡರ್, ಅಂದರೆ ಆ ಲೈನು, ಸತ್ತಿರಬೇಕು. ಹಾಗೆ ಆಗದಿರುವುದಕ್ಕೆ ಕಾರಣಗಳೂ ಗುಟ್ಟೇನಲ್ಲ. ಒಣ ಡಾಂಬರಿನ ಮೇಲೆ ಬಿದ್ದ ತಂತಿಯಿಂದ ನೆಲಕ್ಕೆ ಹರಿಯುವ ಕರೆಂಟ್ ತೀರಾ ಕಡಿಮೆ. ರಿಲೇಯ ಸೆಟ್ಟಿಂಗ್ ಅದಕ್ಕಿಂತ ಮೇಲಿದ್ದರೆ ಅದಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಪದೇಪದೇ ಟ್ರಿಪ್ ಆಗಿ ಜನ ಫೋನ್ ಮಾಡಿ ಬೈಯುತ್ತಾರೆಂದು ಸೆಟ್ಟಿಂಗ್ ಏರಿಸಿಟ್ಟಿರುವುದೂ ಉಂಟು. ಬ್ರೇಕರ್ ಬಿಚ್ಚಿಸುವ ಟ್ರಿಪ್ ಕಾಯಿಲ್‌ಗೆ ಶಕ್ತಿ ಕೊಡುವ ಡಿಸಿ ಬ್ಯಾಟರಿ ಸೊರಗಿರುತ್ತದೆ. ಟ್ರಿಪ್ ಆದರೂ ಲೈನ್ ನೋಡಿಬರಲು ರಾತ್ರಿಪಾಳಿಯಲ್ಲಿ ಜನ ಇರುವುದಿಲ್ಲ. 'ಒಮ್ಮೆ ಹಾಕಿ ನೋಡೋಣ' ಎಂದು ಆಪರೇಟರ್ ಟೆಸ್ಟ್ ಚಾರ್ಜ್ ಮಾಡುತ್ತಾನೆ, ಅಂದರೆ ಲೈನಿಗೆ ಮತ್ತೆ ಕರೆಂಟ್ ಬಿಡುತ್ತಾನೆ. ಲೈನ್ ಮತ್ತೆ ಟ್ರಿಪ್ ಆಗದೆ ನಿಂತರೆ ಎಲ್ಲ ಸರಿ ಇದೆ ಎಂದು ಲೆಕ್ಕ. ಹಾಗೆ ನಿಂತ ಲೈನಿನ ಒಂದು ತುದಿ ಫುಟ್‌ಪಾತ್‌ನಲ್ಲಿ ಬಿದ್ದಿರಬಹುದು.

2023ರ ನವೆಂಬರ್ 19ರ ನಸುಕಿನಲ್ಲಿ ಬೆಂಗಳೂರಿನ ಹೋಪ್ ಫಾರ್ಮ್ ಬಳಿ ಬಿದ್ದಿದ್ದ ತಂತಿ ತುಳಿದು 23 ವರ್ಷದ ತಾಯಿ ಮತ್ತು 9 ತಿಂಗಳ ಮಗು ಸತ್ತರು. ಕಾಡುಗೋಡಿ ಪೊಲೀಸರು ನಿರ್ಲಕ್ಷ್ಯದ ಸಾವಿನ ಪ್ರಕರಣ ದಾಖಲಿಸಿ ಬೆಸ್ಕಾಂನ ಸ್ಥಳೀಯ ಎಂಜಿನಿಯರುಗಳು ಮತ್ತು ಲೈನ್ ಸಿಬ್ಬಂದಿಯನ್ನು ಬಂಧಿಸಿದರು, ಕಂಪನಿ ಅವರನ್ನು ಅಮಾನತು ಮಾಡಿತು. ಅವರಲ್ಲಿ ಯಾರ ಹೊಣೆ ಎಷ್ಟು ಎಂಬುದನ್ನು ಕೋರ್ಟು ಹೇಳಲಿ. ನಮ್ಮ ಪ್ರಶ್ನೆ ಬೇರೆ. ಇಂಥ ಸಾವು ಆದಾಗಲೆಲ್ಲ ಕೈಕೋಳ ಕೆಳಹಂತದ ಸೆಕ್ಷನ್ ಕಚೇರಿಯ ಮೆಟ್ಟಿಲಲ್ಲೇ ನಿಂತುಬಿಡುತ್ತದಲ್ಲ, ಏಕೆ? ರಿಲೇ ಸೆಟ್ಟಿಂಗ್ ಕಿರಿಯ ಎಂಜಿನಿಯರ್ ಅಂದರೆ ಜೆಇ ಕೈಯಲ್ಲಿಲ್ಲ. ಹಳೆ ತಂತಿ ಬದಲಿಸುವ ಅಂದಾಜುಪಟ್ಟಿಗೆ ಮಂಜೂರಾತಿ ಕೊಡುವುದು ಲೈನ್‌ಮನ್ ಅಲ್ಲ. ಖಾಲಿ ಹುದ್ದೆ ತುಂಬುವುದು ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಅಂದರೆ ಎಇಇ ಅಲ್ಲ. ಇನ್ನೂ ಒಂದು ತೊಡಕಿದೆ: ನಮ್ಮಲ್ಲಿ ಬ್ರೇಕರ್ ಇರುವ ಸಬ್‌ಸ್ಟೇಷನ್ ಸಾಮಾನ್ಯವಾಗಿ ರಾಜ್ಯದ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್‌ನದು, ತಂತಿ ಬೆಸ್ಕಾಂನಂಥ ವಿತರಣಾ ಕಂಪನಿಯದು, ಅಂದರೆ ಎಸ್ಕಾಂನದು. ತಪ್ಪು ಎರಡು ಸಂಸ್ಥೆಗಳ ನಡುವಿನ ಸಂದಿಯಲ್ಲಿ ಬಿದ್ದರೆ ಅದನ್ನು ಹೆಕ್ಕಲು ಯಾರೂ ಬಗ್ಗುವುದಿಲ್ಲ.

ಕಾನೂನಿನಲ್ಲಿ ಸಂಸ್ಥೆಯನ್ನೇ ಆರೋಪಿ ಮಾಡಲು ಅಡ್ಡಿ ಇದೆಯೇ ಎಂದರೆ, ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಂ, ಅಂದರೆ ಹಳೆಯ ಐಪಿಸಿ 304ಎ, 'ಯಾರೇ ಆಗಲಿ' ಎಂದು ಶುರುವಾಗುತ್ತದೆ. 'ವ್ಯಕ್ತಿ' ಎಂಬುದರಲ್ಲಿ ಕಂಪನಿಯೂ ಸೇರುತ್ತದೆ ಎಂದು 2(26)ನೇ ಕಲಂ ಹೇಳುತ್ತದೆ. ಕಂಪನಿ ಕಟಕಟೆಯಲ್ಲಿ ನಿಲ್ಲುವುದು ಹೇಗೆ ಎಂಬುದಕ್ಕೂ ದಾರಿ ಇದೆ: ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 342ನೇ ಕಲಮಿನ ಪ್ರಕಾರ ಅದು ಒಬ್ಬ ಪ್ರತಿನಿಧಿಯನ್ನು ನೇಮಿಸಬಹುದು, ಆರೋಪ ಓದಿ ಹೇಳುವುದು ಅವರ ಎದುರು.

ಶಿಕ್ಷೆಯ ವಿಷಯದಲ್ಲಿ ಮಾತ್ರ ಒಂದು ಗಂಟಿತ್ತು. ಹಳೆಯ 304ಎ ಅಡಿ ಗರಿಷ್ಠ ಎರಡು ವರ್ಷ ಜೈಲು, ಅಥವಾ ದಂಡ, ಅಥವಾ ಎರಡೂ. 2024ರ ಜುಲೈ 1ರಿಂದ ಜಾರಿಯಲ್ಲಿರುವ 106(1) ಗರಿಷ್ಠ ಐದು ವರ್ಷ ಜೈಲು ಎನ್ನುತ್ತದೆ, ಅದರ ಜೊತೆಗೆ ದಂಡ. 'ಅಥವಾ' ಹೋಗಿದೆ. ಕಂಪನಿಯನ್ನು ಜೈಲಿಗೆ ಕಳಿಸುವುದು ಹೇಗೆ? ಬೆಂಗಳೂರಿನ ಆದಾಯ ತೆರಿಗೆ ಇಲಾಖೆಯೇ ಕಕ್ಷಿಯಾಗಿದ್ದ ವೇಲಿಯಪ್ಪ ಟೆಕ್ಸ್‌ಟೈಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2003ರಲ್ಲಿ, ಜೈಲು ಕಡ್ಡಾಯವಾಗಿರುವ ಅಪರಾಧಕ್ಕೆ ಕಂಪನಿಯ ಮೇಲೆ ಮೊಕದ್ದಮೆಯೇ ನಡೆಯದು ಎಂದಿತ್ತು. 2005ರಲ್ಲಿ ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕ್ ಪ್ರಕರಣದ ಸಂವಿಧಾನ ಪೀಠ ಅದನ್ನು ತಳ್ಳಿಹಾಕಿತು: ಜೈಲು ಸಾಧ್ಯವಿಲ್ಲದಿದ್ದರೆ ದಂಡ ಹಾಕಿ, ಆದರೆ ವಿಚಾರಣೆ ನಡೆಯಲಿ. ಈ ತೀರ್ಪು ಇಲ್ಲದಿದ್ದರೆ, ಶಿಕ್ಷೆ ಬಿಗಿ ಮಾಡಿದೆವು ಎಂದು ತಂದ ಹೊಸ ಕಲಮು ಕಂಪನಿಗಳಿಗೆ ಬಾಗಿಲು ತೆರೆದುಕೊಡುತ್ತಿತ್ತು.

ದಂಡ ಎಷ್ಟು? ಇಲ್ಲಿ ತಮಾಷೆ ಇದೆ, ನಗು ಬರುವಂಥದ್ದಲ್ಲ. 106(1) ದಂಡಕ್ಕೆ ಮಿತಿ ಹೇಳುವುದಿಲ್ಲ, ಹಾಗಾಗಿ ಎಷ್ಟಾದರೂ ಹಾಕಬಹುದು, 'ಅತಿಯಾಗಬಾರದು' ಅಷ್ಟೆ. ಆದರೆ ಈ ಅಪರಾಧ ವಿಚಾರಣೆಗೆ ಬರುವುದು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಅಂದರೆ ಜೆಎಂಎಫ್‌ಸಿ ಕೋರ್ಟಿಗೆ. ನಾಗರಿಕ ಸುರಕ್ಷಾ ಸಂಹಿತೆಯ 23ನೇ ಕಲಂ ಪ್ರಕಾರ ಆ ಕೋರ್ಟು ಹಾಕಬಹುದಾದ ದಂಡ ಗರಿಷ್ಠ 50,000 ರೂಪಾಯಿ. ಸಾವಿರಾರು ಕೋಟಿ ವಹಿವಾಟಿನ ಸಂಸ್ಥೆ ತಪ್ಪಿತಸ್ಥ ಎಂದು ಸಾಬೀತಾದರೂ ಅದು ಕಟ್ಟುವುದು ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಬೆಲೆಯಷ್ಟೂ ಅಲ್ಲ. ಇನ್ನೂ ಹೆಚ್ಚು ಬೇಕೆನಿಸಿದರೆ ಮ್ಯಾಜಿಸ್ಟ್ರೇಟರು 364ನೇ ಕಲಮಿನಡಿ ಕಡತವನ್ನು ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್ ಅಂದರೆ ಸಿಜೆಎಂಗೆ ಕಳಿಸಬೇಕು. ಸಿಜೆಎಂಗೆ ಆ ಮಿತಿ ಇಲ್ಲ. ಸರ್ಕಾರಿ ಅಭಿಯೋಜಕರು ಕೇಳಿದರೆ ತಾನೇ ಅದು ನಡೆಯುವುದು. ಸಂಸ್ಥೆಯೇ ಆರೋಪಿಯಾಗಿರುವ ಪ್ರಕರಣ ಮೊದಲಿನಿಂದಲೇ ಸಿಜೆಎಂ ಮುಂದೆ ನಡೆಯಲಿ ಎಂದು ಕೇಳದಿರುವುದು ಸಂತ್ರಸ್ತರ ಪರ ವಕೀಲರು ಮಾಡುವ ಮೊದಲ ತಪ್ಪು. ಹಾಗೆಂದು ಸಿಜೆಎಂ ಕೋರ್ಟಿನ ದಂಡವೂ ದೊಡ್ಡದಾಗಿಯೇ ಇರುತ್ತದೆ ಅಂತಲ್ಲ. ಭೋಪಾಲದ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು ಆರೋಪವನ್ನು ನರಹತ್ಯೆಯಿಂದ 304ಎಗೆ ಇಳಿಸಿತು. 2010ರ ಜೂನ್ 7ರಂದು ಭೋಪಾಲದ ಸಿಜೆಎಂ, ಯೂನಿಯನ್ ಕಾರ್ಬೈಡ್ ಇಂಡಿಯಾ ಕಂಪನಿಗೆ ಹಾಕಿದ್ದು ಸುಮಾರು 5 ಲಕ್ಷ ರೂಪಾಯಿ ದಂಡ.

ದಂಡ ಪಕ್ಕಕ್ಕಿರಲಿ, ಅಪರಾಧ ಸಾಬೀತಾಗುವ ಹಂತದಲ್ಲೇ ಸಂಸ್ಥೆಗಳು ಜಾರಿಕೊಳ್ಳುವುದು ಎರಡು ಕಡೆ.

ಮೊದಲನೆಯದು 'ನೇರ ಕಾರಣ'ದ ವಾದ. ಇದರ ಬೇರು 1965ರ ಕುರ್ಬಾನ್ ಹುಸೇನ್ ತೀರ್ಪಿನಲ್ಲಿದೆ. ಮುಂಬೈನ ಬಣ್ಣದ ಕಾರ್ಖಾನೆಯೊಂದರಲ್ಲಿ ವಾರ್ನಿಷ್, ಟರ್ಪೆಂಟೈನ್ ಇಟ್ಟಿದ್ದ ಕೋಣೆಯಲ್ಲೇ ಬರ್ನರ್ ಉರಿಸಿ ರಾಳ ಕಾಯಿಸುತ್ತಿದ್ದರು. ಒಬ್ಬ ಕೆಲಸಗಾರ, ಪಾತ್ರೆ ಸಾಕಷ್ಟು ತಣಿಯುವ ಮೊದಲೇ ಅವಸರದಲ್ಲಿ ಟರ್ಪೆಂಟೈನ್ ಸುರಿದ. ನೊರೆ ಉಕ್ಕಿ ಬೆಂಕಿ ಹತ್ತಿ ಏಳು ಜನ ಸತ್ತರು. ಆ ಕೋಣೆಯಲ್ಲಿ ಬರ್ನರ್ ಇಡಲು ಬಿಟ್ಟಿದ್ದು ಕಾರ್ಖಾನೆಯ ವ್ಯವಸ್ಥಾಪಕ. ಆದರೂ ಸಾವಿಗೆ ನೇರ ಕಾರಣ ಸುರಿದವನ ಅವಸರ, ವ್ಯವಸ್ಥಾಪಕನ ಅಜಾಗರೂಕತೆಯಲ್ಲ ಎಂದು ಸುಪ್ರೀಂ ಕೋರ್ಟು ಅವನನ್ನು 304ಎಯಿಂದ ಬಿಟ್ಟಿತು. ಬೆಂಕಿಯ ವಿಷಯದಲ್ಲಿ ಅಜಾಗರೂಕತೆ ಎಂಬ ಸಣ್ಣ ಕಲಂ ಮಾತ್ರ ಉಳಿಯಿತು. ಅಲ್ಲಿಂದಾಚೆ ಪ್ರತಿ ಸಂಸ್ಥೆಯ ವಕೀಲರ ಕೈಯಲ್ಲೂ ಈ ತೀರ್ಪು ಇದೆ. ಇಲಿ ಕಡಿದು ತಂತಿ ಬಿತ್ತು, ಮರ ಬಿದ್ದು ಬಿತ್ತು, ಯಾರೋ ಕೊಕ್ಕೆ ಹಾಕಿದ್ದರಿಂದ ಬಿತ್ತು: ಎಲ್ಲವೂ ಇದರ ಮಕ್ಕಳು.

ಇದಕ್ಕೆ ಉತ್ತರವೂ ಸುಪ್ರೀಂ ಕೋರ್ಟಿನಲ್ಲೇ ಇದೆ, ದೆಹಲಿಯ ಉಪಹಾರ್ ಚಿತ್ರಮಂದಿರದ ಪ್ರಕರಣದಲ್ಲಿ. 1997ರ ಜೂನ್ 13ರ ಬೆಳಿಗ್ಗೆ ಕಟ್ಟಡದ ನೆಲಮಹಡಿಯಲ್ಲಿದ್ದ ದೆಹಲಿ ವಿದ್ಯುತ್ ಮಂಡಳಿಯ ಟ್ರಾನ್ಸ್‌ಫಾರ್ಮರ್‌ಗೆ ಬೆಂಕಿ ತಗುಲಿತ್ತು. ಮಂಡಳಿಯ ಸಿಬ್ಬಂದಿ ಬಂದು ಕೇಬಲ್ ತುದಿಗೆ ಹೊಸ ಅಲ್ಯೂಮಿನಿಯಂ ಸಾಕೆಟ್ ಕೂರಿಸಿದರು. ಸಾಕೆಟನ್ನು ಅದುಮಿ ಕೂರಿಸುವ ಕ್ರಿಂಪಿಂಗ್ ಯಂತ್ರ ಇರಲಿಲ್ಲ. ಡೈ ಇಟ್ಟು ಸುತ್ತಿಗೆಯಿಂದ ಬಡಿದರು. ಹಾಗೆ ಬಡಿದ ಸಾಕೆಟ್ ತಂತಿಯನ್ನು ಗಟ್ಟಿ ಹಿಡಿಯುವುದಿಲ್ಲ, ಕಿಡಿ ಹಾರುತ್ತಾ ಸಡಿಲವಾಗುತ್ತದೆ. ಸಂಜೆ ಕೇಬಲ್ ಕಳಚಿ ಟ್ರಾನ್ಸ್‌ಫಾರ್ಮರ್‌ನ ರೇಡಿಯೇಟರ್‌ಗೆ ತಾಗಿತು, ಎಣ್ಣೆ ಸೋರಿ ಬೆಂಕಿ ಹತ್ತಿತು. 59 ಜನ ಸತ್ತರು. ಆದರೆ ಸತ್ತವರು ಸುಟ್ಟುಹೋಗಲಿಲ್ಲ, ಬಾಲ್ಕನಿಯಲ್ಲಿ ಹೊಗೆಗೆ ಉಸಿರುಗಟ್ಟಿ ಸತ್ತರು. ಬಾಲ್ಕನಿಯ ಬಲಬದಿಯ ಓಡಾಟದ ದಾರಿಯಲ್ಲಿ ಹೆಚ್ಚುವರಿ ಸೀಟು ಹಾಕಿದ್ದರು, ಎಂಟು ಸೀಟಿನ ಖಾಸಗಿ ಬಾಕ್ಸ್ ಕಟ್ಟಿ ಒಂದು ಹೊರಬಾಗಿಲನ್ನೇ ಮುಚ್ಚಿದ್ದರು. ಬೆಂಕಿಗೆ ಕಾರಣ ಮಂಡಳಿಯವರು, ನಾವಲ್ಲ ಎಂದು ಮಾಲೀಕರು ವಾದಿಸಿದರು. 2014ರಲ್ಲಿ ಕೋರ್ಟು ಒಪ್ಪಲಿಲ್ಲ. ಸಾವಿನ ಕಾರಣ ಬೆಂಕಿ ಹತ್ತಿದ್ದಲ್ಲ, ಬೇಗ ಹೊರಬರಲಾಗದಂತೆ ಮಾಡಿದ್ದು ಎಂದು ಅದನ್ನೇ ನೇರ ಕಾರಣವಾಗಿ ಕಂಡಿತು.

ಈ ತಿರುವಿಗೆ ಇಡೀ ವಿಷಯದಲ್ಲಿ ಇರಬೇಕಾದಷ್ಟು ಬೆಲೆ ಸಿಕ್ಕಿಲ್ಲ. ಹರಿದ ತಂತಿಯ ವಿಚಾರದಲ್ಲೂ 'ಯಾಕೆ ಹರಿಯಿತು' ಎಂದು ಕೇಳಿದರೆ ಉತ್ತರ ಇಲಿಗೋ ಲೈನ್‌ಮನ್‌ಗೋ ಹೋಗಿ ನಿಲ್ಲುತ್ತದೆ. 'ಹರಿದ ಮೇಲೂ ಅದರಲ್ಲಿ ಕರೆಂಟ್ ಯಾಕಿತ್ತು' ಎಂದು ಕೇಳಿದರೆ ಉತ್ತರ ಮೇಲಕ್ಕೆ ಹತ್ತುತ್ತದೆ. ಕಾನೂನು ಕೂಡ ಕೇಳುವುದು ಎರಡನೆಯದನ್ನೇ. ರಸ್ತೆ ಮತ್ತು ಸಾರ್ವಜನಿಕ ಜಾಗದ ಮೇಲೆ ಹಾದುಹೋಗುವ ಹೊದಿಕೆಯಿಲ್ಲದ ತಂತಿ ಹರಿದರೆ, ಅದನ್ನು ನಿರಪಾಯ ಮಾಡುವ ಸಾಧನ ಇರಲೇಬೇಕು ಎಂಬುದು 1956ರ ವಿದ್ಯುತ್ ನಿಯಮಗಳ ಕಾಲದಿಂದ ಬಂದ ಕಟ್ಟುಪಾಡು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿಯೂ ಅದನ್ನು ಉಳಿಸಿಕೊಂಡಿದೆ. ತಂತಿ ಹರಿಯುತ್ತದೆ ಎಂಬುದನ್ನು ಒಪ್ಪಿಕೊಂಡೇ ಬರೆದ ನಿಯಮ ಅದು. 2002ರ ಶೈಲ್ ಕುಮಾರಿ ಪ್ರಕರಣದಲ್ಲಿ ಮಧ್ಯಪ್ರದೇಶ ವಿದ್ಯುತ್ ಮಂಡಳಿ, ಯಾರೋ ಕದ್ದು ಕರೆಂಟ್ ಎಳೆದಿದ್ದರಿಂದ ಅನಾಹುತವಾಯಿತು ಎಂದಾಗ ಸುಪ್ರೀಂ ಕೋರ್ಟು, ಅಪಾಯದ ವಸ್ತು ನಿಮ್ಮದು, ತಡೆಯುವ ಹೊಣೆಯೂ ನಿಮ್ಮದು ಎಂದು ಪರಿಹಾರ ಕೊಡಿಸಿತು. ಅದು ಸಿವಿಲ್ ಹೊಣೆ, ಅಲ್ಲಿ ನಿರ್ಲಕ್ಷ್ಯ ಸಾಬೀತಾಗಬೇಕಿಲ್ಲ. ಕ್ರಿಮಿನಲ್ ಪ್ರಕರಣಕ್ಕೆ ಅಷ್ಟು ಸಾಲದು.

ಎರಡನೆಯ ಜಾರುಬಂಡಿ ಅಲ್ಲಿಂದಲೇ ಶುರು. ನಿರ್ಲಕ್ಷ್ಯ ಮಾಡಿದ್ದು ಸಂಸ್ಥೆ ಎನ್ನಬೇಕಾದರೆ ಅದರ 'ತಲೆ' ಯಾರೆಂದು ತೋರಿಸಬೇಕು. ಉನ್ನತ ಸ್ಥಾನದಲ್ಲಿದ್ದು ಸಂಸ್ಥೆಯನ್ನು ನಡೆಸುವವರ ಮನಸ್ಸೇ ಸಂಸ್ಥೆಯ ಮನಸ್ಸು ಎಂದು 2010ರ ಇರಿಡಿಯಂ ತೀರ್ಪು ಹೇಳಿತು. ಕಾಯ್ದೆಯಲ್ಲಿ ಹಾಗೆಂದು ಬರೆದಿಲ್ಲದಿದ್ದರೆ, ಕಂಪನಿ ತಪ್ಪು ಮಾಡಿತೆಂದ ಮಾತ್ರಕ್ಕೆ ನಿರ್ದೇಶಕರನ್ನು ಹೊಣೆ ಮಾಡಲಾಗದು ಎಂದು 2015ರ ಸುನಿಲ್ ಭಾರ್ತಿ ಮಿತ್ತಲ್ ತೀರ್ಪು ಸೇರಿಸಿತು. ಎರಡೂ ತರ್ಕಬದ್ಧ. ಪರಿಣಾಮ ಮಾತ್ರ ವಿಚಿತ್ರ: ಅಂಗಡಿಯಷ್ಟು ಸಣ್ಣ ಕಂಪನಿ ಸಿಕ್ಕಿಬೀಳುತ್ತದೆ, ಮಾಲೀಕನೇ ಅಲ್ಲಿ ತಲೆ, ಅವನೇ ಕೈ. ಹತ್ತು ಹಂತದ ಸಂಸ್ಥೆಯಲ್ಲಿ ಪ್ರತಿ ಮೇಜಿನಲ್ಲೂ ಒಂದೊಂದು ಚೂರು ನಿರ್ಲಕ್ಷ್ಯ ಇರುತ್ತದೆ; ಇಡಿಯಾಗಿ ಯಾರೊಬ್ಬರ ಬಳಿಯೂ ಇರುವುದಿಲ್ಲ. ಚೂರುಗಳನ್ನು ಕೂಡಿಸಲು ನಮ್ಮ ಕಾನೂನು ಬಿಡುವುದಿಲ್ಲ.

ಬ್ರಿಟನ್ ಇದೇ ಗೋಡೆಗೆ 1987ರಲ್ಲಿ ಢಿಕ್ಕಿ ಹೊಡೆದಿತ್ತು. ಮಾರ್ಚ್ 6ರಂದು ಬೆಲ್ಜಿಯಂನ ಜೀಬ್ರುಗೆ ಬಂದರಿನಿಂದ 'ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್' ಎಂಬ ಹಡಗು ಮುಂಬಾಗಿಲು ತೆರೆದುಕೊಂಡೇ ಹೊರಟು ಮಗುಚಿ 193 ಜನ ಸತ್ತರು. ಬಾಗಿಲು ಮುಚ್ಚಬೇಕಾದವನು ಕ್ಯಾಬಿನ್‌ನಲ್ಲಿ ನಿದ್ದೆ ಮಾಡುತ್ತಿದ್ದ. ಆದರೆ ಬಾಗಿಲು ಮುಚ್ಚಿದೆಯೇ ಎಂದು ಕ್ಯಾಪ್ಟನ್‌ಗೆ ತೋರಿಸುವ ದೀಪ ಹಾಕಿಸಿ ಎಂದು ಹಡಗಿನವರು ಮೊದಲೇ ಕೇಳಿದ್ದರು, ಕಚೇರಿ ಹಾಕಿಸಿರಲಿಲ್ಲ. ಮೇಲಿಂದ ಕೆಳಗಿನ ತನಕ ಇಡೀ ಕಂಪನಿಗೆ ಉಡಾಫೆಯ ರೋಗ ಹತ್ತಿತ್ತು ಎಂಬರ್ಥದ ಮಾತನ್ನು ವಿಚಾರಣಾ ವರದಿ ಬರೆಯಿತು. 1990ರಲ್ಲಿ ಕಂಪನಿಯ ಮೇಲಿನ ನರಹತ್ಯೆ ಮೊಕದ್ದಮೆ ಬಿದ್ದುಹೋಯಿತು. ಕಾರಣ ಅದೇ: ತಪ್ಪನ್ನು ಇಡಿಯಾಗಿ ಹೊರಬಲ್ಲ ಒಬ್ಬ ಹಿರಿಯ ಅಧಿಕಾರಿ ಸಿಗಲಿಲ್ಲ.

ಹೊಸ ಕಾಯ್ದೆ ಬರಲು ಇನ್ನೂ ಹದಿನೇಳು ವರ್ಷ ಬೇಕಾಯಿತು. 2008ರ ಏಪ್ರಿಲ್ 6ರಿಂದ ಜಾರಿಯಾದ ಕಾರ್ಪೊರೇಟ್ ನರಹತ್ಯೆ ಕಾಯ್ದೆ, ತಪ್ಪಿತಸ್ಥ ಯಾರು ಎಂದು ಕೇಳುವುದನ್ನು ಬಿಟ್ಟು, ಕೆಲಸವನ್ನು ವ್ಯವಸ್ಥೆ ಮಾಡಿದ ರೀತಿ ಹೇಗಿತ್ತು ಎಂದು ಕೇಳುತ್ತದೆ. ಹಿರಿಯ ಆಡಳಿತ ಕೆಲಸವನ್ನು ಸಂಘಟಿಸಿದ ರೀತಿ, ಘೋರ ಕರ್ತವ್ಯಲೋಪಕ್ಕೆ ಗಣನೀಯ ಕಾರಣವಾಗಿದ್ದರೆ ಸಾಕು. ಸರ್ಕಾರಿ ಇಲಾಖೆಗಳ ಪಟ್ಟಿಯೇ ಕಾಯ್ದೆಯ ಅನುಬಂಧದಲ್ಲಿದೆ. ರಾಜಪ್ರಭುತ್ವಕ್ಕಿದ್ದ ವಿನಾಯಿತಿ ಇಲ್ಲಿ ನಡೆಯುವುದಿಲ್ಲ. ದಂಡಕ್ಕೆ ಮಿತಿ ಇಲ್ಲ. ಲೋಪ ಸರಿಪಡಿಸುವಂತೆ ಆದೇಶಿಸಬಹುದು, ಶಿಕ್ಷೆಯಾಗಿದೆ ಎಂದು ಸಂಸ್ಥೆಯೇ ಜಾಹೀರಾತು ಕೊಡುವಂತೆ ಮಾಡಬಹುದು. ನಮ್ಮಲ್ಲಿ ಇದನ್ನು ಹೊಗಳುವವರು ಮುಂದಿನದನ್ನು ಹೇಳುವುದಿಲ್ಲ. ಹಣ ಹಂಚಿಕೆಯಂಥ ಸಾರ್ವಜನಿಕ ನೀತಿಯ ತೀರ್ಮಾನಗಳು ಕಾಯ್ದೆಯಿಂದ ಹೊರಗೆ. ಮೊಕದ್ದಮೆ ಹೂಡಲು ಪ್ರಾಸಿಕ್ಯೂಷನ್ ಮುಖ್ಯಸ್ಥರ ಒಪ್ಪಿಗೆ ಬೇಕು. 2011ರಲ್ಲಿ ಮೊದಲು ಶಿಕ್ಷೆಯಾದ ಕಾಟ್ಸ್‌ವೋಲ್ಡ್ ಜಿಯೋಟೆಕ್ನಿಕಲ್ ಪುಟ್ಟ ಕಂಪನಿ. ದಂಡ 3,85,000 ಪೌಂಡ್. ಆಮೇಲೂ ಬಹುಪಾಲು ಸಿಕ್ಕಿದ್ದು ಸಣ್ಣ, ಮಧ್ಯಮ ಕಂಪನಿಗಳೇ. ಈ ಕಾಯ್ದೆಯಡಿ ಮೊದಲು ಆರೋಪ ಎದುರಿಸಿದ ಸರ್ಕಾರಿ ಆಸ್ಪತ್ರೆ ಟ್ರಸ್ಟ್ ಮೇಡ್‌ಸ್ಟನ್ ಮತ್ತು ಟನ್‌ಬ್ರಿಜ್ ವೆಲ್ಸ್‌ನದು. ಆ ಮೊಕದ್ದಮೆ 2016ರ ಜನವರಿಯಲ್ಲಿ ಕುಸಿಯಿತು.

ಸರ್ಕಾರ, ಪಾಲಿಕೆಗಳ ಮಾತಿಗೆ ಬಂದರೆ ನಮ್ಮಲ್ಲಿ ಒಂದು ತಪ್ಪು ನಂಬಿಕೆ ಗಟ್ಟಿಯಾಗಿದೆ: ಸರ್ಕಾರದ ಮೇಲೆ ಕ್ರಿಮಿನಲ್ ಕೇಸು ಹಾಕಲಾಗದು ಅಂತ. ಪರವಾನಗಿ ಇಲ್ಲದೆ ಮಾರುಕಟ್ಟೆ ನಡೆಸಿದ್ದಕ್ಕೆ ಕಲ್ಕತ್ತ ಪಾಲಿಕೆ ಪಶ್ಚಿಮ ಬಂಗಾಳ ಸರ್ಕಾರದ ಮೇಲೆಯೇ ಮೊಕದ್ದಮೆ ಹೂಡಿತ್ತು. ಕಾಯ್ದೆ ಸರ್ಕಾರಕ್ಕೂ ಅನ್ವಯಿಸುತ್ತದೆ ಎಂದು 1967ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಅಧಿಕಾರಿಗಳಿಗೆ ಪೂರ್ವಾನುಮತಿಯ ಕವಚ ಇರುವುದು ನಿಜ. ಆದರೆ ಅದು ಸರ್ಕಾರದ ಒಪ್ಪಿಗೆಯಿಲ್ಲದೆ ಹುದ್ದೆಯಿಂದ ತೆಗೆಯಲಾಗದವರಿಗೆ ಮಾತ್ರ. ಸರ್ಕಾರಿ ಕಂಪನಿಗಳ ನೌಕರರಿಗೆ ಆ ರಕ್ಷಣೆ ಇಲ್ಲ ಎಂದು 1998ರ ಮೊಹಮ್ಮದ್ ಹಾದಿ ರಾಜಾ ತೀರ್ಪು ಹೇಳಿದೆ, ಎಸ್ಕಾಂಗಳು ಕಂಪನಿಗಳು. ಅನುಮತಿ ಬೇಕಾದ ಕಡೆಯೂ ಈಗ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಂ ಸರ್ಕಾರಕ್ಕೆ 120 ದಿನ ಕೊಡುತ್ತದೆ, ಅಷ್ಟರಲ್ಲಿ ತೀರ್ಮಾನಿಸದಿದ್ದರೆ ಅನುಮತಿ ಕೊಟ್ಟಂತೆಯೇ ಲೆಕ್ಕ. ಹಾಗಾಗಿ ಕೋರಿಕೆ ತಲುಪಿದ ದಿನದ ಸ್ವೀಕೃತಿ ಮುದ್ರೆ ಬಹಳ ಬೆಲೆಯುಳ್ಳ ಕಾಗದ.

ಪರವಾನಗಿ ಕೊಟ್ಟು ಕಣ್ಣು ಮುಚ್ಚಿದವರ ಕತೆ ಬೇರೆ. ಉಪಹಾರ್‌ನ ಪರಿಹಾರದ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟು ಮಾಲೀಕರಿಗೆ ಶೇ 85, ವಿದ್ಯುತ್ ಮಂಡಳಿಗೆ ಶೇ 15 ಎಂದು ಹೊಣೆ ಹಂಚಿ, ದೆಹಲಿ ಪಾಲಿಕೆಯನ್ನೂ ಪರವಾನಗಿ ಕೊಟ್ಟ ಪೊಲೀಸ್ ಇಲಾಖೆಯನ್ನೂ ಬಿಟ್ಟುಬಿಟ್ಟಿತು. ದುರುದ್ದೇಶ ಇಲ್ಲದೆ ಬರೀ ಮೇಲ್ವಿಚಾರಣೆಯ ಲೋಪಕ್ಕೆ ಹೊಣೆ ಹೊರಿಸಲಾಗದು ಎಂಬುದು ಕಾರಣ. ಪರಿಹಾರಕ್ಕೇ ಹೊಣೆಯಲ್ಲದವರು ಅಪರಾಧಕ್ಕೆ ಹೇಗೆ ಹೊಣೆ ಎಂದು ಈ ತೀರ್ಪನ್ನು ಎಲ್ಲ ಪಾಲಿಕೆಗಳೂ ಮುಂದೊಡ್ಡಬಹುದು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತ ಪ್ರಕರಣದ ಎಫ್‌ಐಆರ್‌ನಲ್ಲಿ ತಂಡ, ಕಾರ್ಯಕ್ರಮ ಸಂಘಟಕ ಕಂಪನಿ, ಕ್ರಿಕೆಟ್ ಸಂಸ್ಥೆ ಮೂರೂ ಸಂಸ್ಥೆಗಳಾಗಿಯೇ ಆರೋಪಿಗಳಾದವು, ಅದೂ ನ್ಯಾಯ ಸಂಹಿತೆಯ 105ನೇ ಕಲಮಿನಡಿ, ಅಂದರೆ ಕೊಲೆಯಲ್ಲದ ನರಹತ್ಯೆಯ ಆರೋಪ. ಆರೋಪ ಸಾಬೀತಾಗುವುದು ಬೇರೆ ಮಾತು. ಬಂದೋಬಸ್ತಿನ ಕಡೆಯ ಲೋಪಕ್ಕೆ ಮಾತ್ರ ಅಮಾನತು ಎಂಬ ಇಲಾಖಾ ಕ್ರಮ ಬಂತು, ಎಫ್‌ಐಆರ್ ಅಲ್ಲ.

ಕಾಯ್ದೆ ಬರೆಯುವವರಿಗೆ ಮನಸ್ಸಿದ್ದರೆ ಸ್ಪಷ್ಟವಾಗಿ ಬರೆಯಬಲ್ಲರು. ಮ್ಯಾನ್‌ಹೋಲ್‌ಗೆ ಜನರನ್ನು ಇಳಿಸುವುದನ್ನು ನಿಷೇಧಿಸುವ 2013ರ ಕಾಯ್ದೆಯ 7ನೇ ಕಲಂ 'ಸ್ಥಳೀಯ ಸಂಸ್ಥೆ' ಎಂದು ಹೆಸರು ಹಿಡಿದೇ ಹೇಳುತ್ತದೆ. ಮನಸ್ಸಿಲ್ಲದಿದ್ದರೆ ಹೀಗೆ ಬರೆಯುತ್ತಾರೆ: ಮೋಟಾರು ವಾಹನ ಕಾಯ್ದೆಯ 198ಎ ಪ್ರಕಾರ ರಸ್ತೆಯ ವಿನ್ಯಾಸ, ನಿರ್ವಹಣೆಯ ಲೋಪದಿಂದ ಸಾವಾದರೆ ಪ್ರಾಧಿಕಾರ ಅಥವಾ ಗುತ್ತಿಗೆದಾರರಿಗೆ ಹೆಚ್ಚೆಂದರೆ 1 ಲಕ್ಷ ರೂಪಾಯಿ ದಂಡ. ಬರೀ ದಂಡದ ಅಪರಾಧವಾದ್ದರಿಂದ ಆರು ತಿಂಗಳೊಳಗೆ ದೂರು ದಾಖಲಾಗದಿದ್ದರೆ ಕಾಲಮಿತಿ ಮುಗಿಯಿತು. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತೆಯೂ ಇಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಕೆಲಸದ ಜಾಗದ ಲೋಪದಿಂದ ಸಾವಾದರೆ ಎರಡು ವರ್ಷದವರೆಗೆ ಜೈಲು ಅಥವಾ ಕನಿಷ್ಠ 5 ಲಕ್ಷ ದಂಡ, ಅದರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ವಾರಸುದಾರರಿಗೆ ಕೊಡಿಸಬಹುದು. ಒಂದು ಕಡೆ 5 ಲಕ್ಷ ಕನಿಷ್ಠ, ಇನ್ನೊಂದು ಕಡೆ 1 ಲಕ್ಷ ಗರಿಷ್ಠ. ಗುಂಡಿಗೆ ಬಿದ್ದು ಸತ್ತವರ ಜೀವ ಅಗ್ಗ ಎಂದು ಯಾರೂ ಉದ್ದೇಶಪೂರ್ವಕ ಬರೆದಿರಲಿಕ್ಕಿಲ್ಲ, ಆದರೆ ಓದಿದರೆ ಹಾಗೇ ಕಾಣುತ್ತದೆ.

ಇಷ್ಟೆಲ್ಲ ಆದ ಮೇಲೂ ಬಹುತೇಕ ಪ್ರಕರಣ ಸೋಲುವುದು ಕೋರ್ಟಿನಲ್ಲಲ್ಲ, ಮೊದಲ ವಾರದ ಠಾಣೆಯಲ್ಲಿ. ಸಾವಿನ ಸುದ್ದಿ ಬಂದೊಡನೆ ಪೊಲೀಸರು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ ಬರೆದುಕೊಳ್ಳುತ್ತಾರೆ. ಮನೆಯವರು ಪರಿಹಾರಕ್ಕೆ ಅಷ್ಟು ಸಾಕೆಂದುಕೊಳ್ಳುತ್ತಾರೆ. ಅದು ಎಫ್‌ಐಆರ್ ಅಲ್ಲ. ನಿರ್ಲಕ್ಷ್ಯದ ದೂರನ್ನು ಬೇರೆಯಾಗಿಯೇ ಬರೆದುಕೊಡಬೇಕು. 106(1)ಕ್ಕೆ ಐದು ವರ್ಷದ ಶಿಕ್ಷೆ ಇರುವುದರಿಂದ ನಾಗರಿಕ ಸುರಕ್ಷಾ ಸಂಹಿತೆಯ 173(3)ರಡಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ಮಾಡಲು ಪೊಲೀಸರಿಗೆ ಅವಕಾಶವಿದೆ. ಆ 14 ದಿನಗಳಲ್ಲೇ ಸಾಕ್ಷ್ಯ ಕರಗುವುದು. ಹೊಸ ತಂತಿ ಎಳೆದು ಹಳೆಯದನ್ನು ಸ್ಟೋರಿಗೆ ಹಾಕುತ್ತಾರೆ, ಅಲ್ಲಿಂದ ಗುಜರಿಗೆ. ಹರಿದ ಎರಡೂ ತುದಿಗಳನ್ನು ಮಹಜರಿನಲ್ಲಿ ಸೇರಿಸಿ ಸೀಲ್ ಮಾಡಿಸಬೇಕು: ಕಡಿದದ್ದೋ, ಸುಟ್ಟದ್ದೋ, ಸವೆದದ್ದೋ ತುದಿಯೇ ಹೇಳುತ್ತದೆ. ಎರಡು ಕಂಬಗಳ ನಡುವೆ ಒಂದು ತಂತಿಗೆ ಎರಡಕ್ಕಿಂತ ಹೆಚ್ಚು ಜಾಯಿಂಟ್ ಇರಕೂಡದು, ಎಣಿಸಿ ಬರೆಸಬೇಕು. ರಸ್ತೆ ದಾಟುವ 11 ಕೆವಿ ತಂತಿ ನೆಲದಿಂದ 6.1 ಮೀಟರ್ ಮೇಲಿರಬೇಕು, ಅಳೆಸಬೇಕು. ಹೊಸ ನಮೂನೆಯ ರಿಲೇಗಳು ಘಟನೆಯ ದಾಖಲೆ ಇಟ್ಟುಕೊಳ್ಳುತ್ತವೆ, ಆದರೆ ಜಾಗ ತುಂಬಿದಂತೆ ಹಳೆಯದು ಅಳಿಯುತ್ತದೆ. ಸಬ್‌ಸ್ಟೇಷನ್‌ನ ಲಾಗ್ ಪುಸ್ತಕದಲ್ಲಿ ಟ್ರಿಪ್ ಆದ ಮತ್ತು ಮತ್ತೆ ಚಾರ್ಜ್ ಮಾಡಿದ ಸಮಯ ಇರುತ್ತದೆ, 1912 ಸಹಾಯವಾಣಿಗೆ ಬಂದ ಕರೆಗಳ ದಾಖಲೆಯಲ್ಲಿ ಜನ ತಿಳಿಸಿದ ಸಮಯ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಅರ್ಧ ಕತೆ ತಾನಾಗಿ ಹೊರಬರುತ್ತದೆ.

ಸಾವು ತಿಳಿದ 24 ಗಂಟೆಯೊಳಗೆ ವಿದ್ಯುತ್ ಪರಿವೀಕ್ಷಕರಿಗೆ ಸುದ್ದಿ, 48 ಗಂಟೆಯೊಳಗೆ ಲಿಖಿತ ವರದಿ ಕೊಡುವುದು ಸಂಸ್ಥೆಯ ಕರ್ತವ್ಯ. ಪರಿವೀಕ್ಷಕರ ತನಿಖಾ ವರದಿ ಪ್ರಕರಣದ ಬೆನ್ನೆಲುಬು. ಅದನ್ನು ಆರ್‌ಟಿಐ ಮೂಲಕ ತರಿಸಿಕೊಳ್ಳುವವರು, ಜೊತೆಗೆ ಆ ಫೀಡರಿನ ರಿಲೇ ಪರೀಕ್ಷಾ ವರದಿ, ತಂತಿ ಬದಲಿಸುವಂತೆ ಸೆಕ್ಷನ್ ಕಚೇರಿ ಮೇಲಕ್ಕೆ ಬರೆದ ಪತ್ರಗಳು, ಅಂದಾಜುಪಟ್ಟಿ ಮತ್ತು ಅದರ ಮೇಲಿನ ಟಿಪ್ಪಣಿಗಳನ್ನೂ ಕೇಳಬೇಕು. ಜೆಇ ಎರಡು ಸಲ ಬರೆದಿದ್ದ, ಕಡತ ವಿಭಾಗ ಕಚೇರಿಯಲ್ಲಿ ಮಲಗಿತ್ತು ಎಂಬುದು ಸಿಕ್ಕರೆ ಆರೋಪಿಗಳ ಪಟ್ಟಿಯ ಆಕಾರವೇ ಬದಲಾಗುತ್ತದೆ. ಮುಂದೆ ಜೆಇಯೇ ಸಾಕ್ಷಿಯಾಗುತ್ತಾನೆ. ದೂರಿನಲ್ಲಿ ಸಂಸ್ಥೆಯನ್ನು ಅದರ ಹೆಸರಿನಲ್ಲೇ, ಪ್ರತ್ಯೇಕ ಆರೋಪಿಯಾಗಿ ಕಾಣಿಸಬೇಕು. 'ಸಂಬಂಧಪಟ್ಟ ಅಧಿಕಾರಿಗಳು' ಎಂದು ಬರೆದರೆ ಸಂಬಂಧ ಲೈನ್‌ಮನ್‌ವರೆಗೆ ಮಾತ್ರ ಇಳಿಯುತ್ತದೆ. ಪೊಲೀಸರು ಬಿ ರಿಪೋರ್ಟ್, ಅಂದರೆ ಆರೋಪಪಟ್ಟಿ ಇಲ್ಲದೆ ಪ್ರಕರಣ ಮುಗಿಸುವ ವರದಿ, ಹಾಕಿದರೆ ತಕರಾರು ಅರ್ಜಿ ಸಲ್ಲಿಸಲು, ಖುಲಾಸೆಯಾದರೆ ನಾಗರಿಕ ಸುರಕ್ಷಾ ಸಂಹಿತೆಯ 413ನೇ ಕಲಮಿನಡಿ ಮೇಲ್ಮನವಿ ಹೋಗಲು ಮನೆಯವರಿಗೆ ಹಕ್ಕಿದೆ. ಮತ್ತು ಆರೋಪಪಟ್ಟಿಯ ಮೊದಲ ಪುಟದಲ್ಲಿ ನೋಡಬೇಕಾದ ಸಾಲು ಒಂದೇ: ತಂತಿ ಹರಿಯಿತು ಎಂದು ಬರೆದಿದ್ದಾರೋ, ಹರಿದ ತಂತಿಯಲ್ಲಿ ಕರೆಂಟ್ ಇತ್ತು ಎಂದು ಬರೆದಿದ್ದಾರೋ.